ಹಾವಸೆಯಿಂದ ಹುಣಸೆಯವರೆಗೆ

ಕುಪವಾಡ ಎಂಐಡಿಸಿಯಲ್ಲಿ ಸಸ್ಯಶಾಸ್ತ್ರ ಕಲಿಯುವಂಥದ್ದು ಏನಿದೆ ಎಂದು ಯಾರಾದರೂ ಕೇಳಬಹುದು. ಸಾಂಗಲಿ ಮತ್ತು ಮಿರಜದ ನಡುವಿನ ಈ ಔದ್ಯೋಗಿಕ ವಸಾಹತಿನ ಹೆಸರು ಹೇಳಿದರೆ ಕಣ್ಣ ಮುಂದೆ ಬರುವುದು ತಗಡಿನ ಶೆಡ್ಡುಗಳು, ಲಾರಿಗಳು, ಧೂಳು ಮತ್ತು ಪಾಳಿ ಬಿಟ್ಟಾಗಿನ ಮೋಟರ್‌ಸೈಕಲ್ಲುಗಳ ಸಾಲು. ಕೆಳಗೆ ಕರಿಕಲ್ಲಿನ ನೆಲ. ಪಶ್ಚಿಮದಲ್ಲಿ ಸಹ್ಯಾದ್ರಿ ಮಳೆಯನ್ನು ತಡೆದುಕೊಳ್ಳುವುದರಿಂದ ಇತ್ತ ಬೀಳುವ ಮಳೆಯೂ ಕಡಿಮೆ. ಆದರೂ ಶ್ರಾವಣದಲ್ಲಿ ಒಂದೆರಡು ಒಳ್ಳೆಯ ಮಳೆಯಾದ ಮೇಲೆ ಇಲ್ಲಿ ಅರ್ಧ ಗಂಟೆ ನಡೆದರೆ ವಿಜ್ಞಾನದ ಒಂದು ಇಡೀ ಪಾಠ ಕಾಲ ಬಳಿಯೇ ಸಿಗುತ್ತದೆ.

ಖಾಲಿ ಪ್ಲಾಟಿನ ಹೊಂಡದಲ್ಲಿ ನಿಂತ ನೀರಿನ ಮೇಲೆ ಹಸಿರು ಎಳೆಗಳು ತೇಲುತ್ತಿರುತ್ತವೆ. ಕಂಪೌಂಡ್ ಗೋಡೆಯ ಉತ್ತರದ ಮಗ್ಗುಲಲ್ಲಿ ಮಖಮಲ್ಲಿನಂಥ ಹಾವಸೆ ಬೆಳೆದಿರುತ್ತದೆ. ಹಳೆಯ ಬಾವಿಯ ಕಲ್ಲಿನ ಸಂದಿಯಲ್ಲಿ ಜರಿಗಿಡ ಇರುತ್ತದೆ. ಕಾರ್ಖಾನೆಯ ಗೇಟಿನ ಪಕ್ಕ ಅಂದಕ್ಕೆಂದು ನೆಟ್ಟ, ಈಚಲಿನ ಹಾಗೆ ಕಾಣುವ ಸೈಕಸ್ ಇರುತ್ತದೆ. ರಸ್ತೆಯ ಅಂಚಿಗೆ ಹುಣಸೆ, ಬೇವು, ಜಾಲಿ, ಹುಲ್ಲು. ಐದು ಬಗೆಯ ಹಸಿರು. ಜರ್ಮನಿಯ ಸಸ್ಯಶಾಸ್ತ್ರಜ್ಞ ಐಕ್ಲರ್ 1883ರಲ್ಲಿ ಸಸ್ಯಗಳನ್ನು ವಿಂಗಡಿಸಿದ್ದು ಹೀಗೆಯೇ ಐದು ಗುಂಪುಗಳಲ್ಲಿ. ಥ್ಯಾಲೋಫೈಟಾ, ಬ್ರಯೋಫೈಟಾ, ಟೆರಿಡೋಫೈಟಾ ಎಂಬ ಮೊದಲ ಮೂರು ಬೀಜವಿಲ್ಲದವು. ಅನಾವೃತಬೀಜಿ, ಆವೃತಬೀಜಿ ಎಂಬ ಕೊನೆಯ ಎರಡು ಬೀಜ ಬಿಡುವವು. ಶಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡುವುದು ಈ ಐದು ಹೆಸರುಗಳನ್ನೇ.

ಈ ಪಾಠ ಹೇಳುವಾಗ ಒಂದು ಪ್ರಶ್ನೆ ನಮ್ಮನ್ನು ಬಹಳ ಕಾಡಿದೆ. ಮೊದಲ ಮೂರನ್ನು ‘ಕೆಳವರ್ಗದ ಸಸ್ಯಗಳು’, ಕೊನೆಯ ಎರಡನ್ನು ‘ಮೇಲ್ವರ್ಗದ ಸಸ್ಯಗಳು’ ಎಂದು ಹೇಳುವ ರೂಢಿ ಹಿಂದಿನಿಂದ ಬಂದಿದೆ. ಗೈಡುಗಳಲ್ಲೂ ಹಾಗೇ ಬರೆದಿರುತ್ತದೆ. ನಮ್ಮ ತರಗತಿಯಲ್ಲಿ ಕೂಡುವವರು ಜತ್ತ ತಾಲೂಕಿನಿಂದ, ವಿಜಯಪುರ, ಅಥಣಿ ಕಡೆಯಿಂದ ದುಡಿಯಲು ಬಂದವರ ಮಕ್ಕಳು. ಅವರಲ್ಲೊಬ್ಬ ಎದ್ದು ನಿಂತು, “ಸರ, ಹಾವಸಿ ಕೆಳವರ್ಗ ಅಂದ್ರ ಅದೇನು ತಪ್ಪು ಮಾಡೇತ್ರಿ?” ಎಂದು ಕೇಳಿದ್ದ. ತರಗತಿ ನಕ್ಕಿತು. ಪ್ರಶ್ನೆ ಮಾತ್ರ ನಗುವಂಥದ್ದಲ್ಲ. ವರ್ಗೀಕರಣ ಎಂದರೆ ಯಾರು ಮೇಲೆ, ಯಾರು ಕೆಳಗೆ ಎಂಬ ಪಟ್ಟಿಯೇ, ಅಥವಾ ಬೇರೇನಾದರೂ ಇದೆಯೇ? ಇದಕ್ಕೆ ಉತ್ತರ ಸಸ್ಯಶಾಸ್ತ್ರದ ಇತಿಹಾಸದಲ್ಲೇ ಇದೆ. ಆ ಇತಿಹಾಸವನ್ನು ಸಂಕ್ಷಿಪ್ತವಾಗಿ ಹೇಳುವುದೇ ಈ ಲೇಖನದ ಉದ್ದೇಶ.

ಹೂವು ಎಣಿಸಿದ ಕಾಲ

ಗಿಡಗಳನ್ನು ಗುಂಪು ಮಾಡುವ ಕೆಲಸ ಬಹಳ ಹಳೆಯದು. ಗ್ರೀಸ್ ದೇಶದ ಥಿಯೋಫ್ರಾಸ್ಟಸ್ ಕ್ರಿಸ್ತಪೂರ್ವದಲ್ಲೇ ಗಿಡಗಳನ್ನು ಮರ, ಪೊದೆ, ಕಿರುಪೊದೆ, ಮೂಲಿಕೆ ಎಂದು ಎತ್ತರ ಮತ್ತು ಕಾಂಡ ನೋಡಿ ಬೇರೆ ಮಾಡಿದ್ದ. ನಮ್ಮ ಚರಕ ಸಂಹಿತೆಯಲ್ಲಿಯೂ ನಾಲ್ಕು ವಿಧ ಹೇಳಿದೆ. ಹೂವಿಲ್ಲದೆ ಹಣ್ಣಾಗುವುದು ವನಸ್ಪತಿ, ಹೂವು ಹಣ್ಣು ಎರಡೂ ಕಾಣುವುದು ವಾನಸ್ಪತ್ಯ, ಫಲ ಬಿಟ್ಟು ಒಣಗಿ ಹೋಗುವುದು ಓಷಧಿ, ಹಬ್ಬಿ ಬೆಳೆಯುವುದು ವೀರುಧ. ಅತ್ತಿಯ ಮರ ಮೊದಲನೆಯ ಗುಂಪಿಗೆ ಸೇರುತ್ತಿತ್ತು. ಅತ್ತಿಯ ಹೂವುಗಳು ಕಾಯಿಯ ಒಳಗೇ ಇರುತ್ತವೆ, ಹೊರಗಿನಿಂದ ಕಾಣುವುದಿಲ್ಲ ಎಂದು ಇಂದು ನಮಗೆ ಗೊತ್ತಿದೆ. ಕಣ್ಣಿಗೆ ಕಂಡದ್ದರ ಮೇಲೆ ಮಾಡಿದ ವಿಂಗಡಣೆಯ ಶಕ್ತಿ ಏನು, ಮಿತಿ ಏನು ಎಂಬುದಕ್ಕೆ ಅತ್ತಿ ಒಳ್ಳೆಯ ಉದಾಹರಣೆ.

ಮುಂದೆ 1678ರಿಂದ 1693ರ ಅವಧಿಯಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥ ಅಚ್ಚಾಯಿತು. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಮಾಡಿಸಿದ ಈ ಗ್ರಂಥದಲ್ಲಿ ನಮ್ಮ ಪಶ್ಚಿಮ ಕರಾವಳಿಯ ಏಳುನೂರಕ್ಕೂ ಹೆಚ್ಚು ಗಿಡಗಳ ವಿವರ ಇದೆ. ವಿವರ ಕೊಟ್ಟವರು ಇಲ್ಲಿಯವರು. ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು ಮತ್ತು ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು. ಈ ಮೂವರು 1675ರಲ್ಲಿ ನಾಗರಿ ಲಿಪಿಯಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಆ ಗ್ರಂಥದಲ್ಲೇ ಅಚ್ಚಾಗಿದೆ. ಎರಡು ಮೂರು ಭಾಷೆಗಳ ನಡುವೆ ಬದುಕುವ ನಮ್ಮಂಥ ಗಡಿನಾಡಿನವರು ಇದನ್ನು ನೆನಪಿನಲ್ಲಿ ಇಡಬೇಕು. ಜಗತ್ತಿನ ಸಸ್ಯಶಾಸ್ತ್ರಕ್ಕೆ ಹೋದ ಜ್ಞಾನ ಹೊರಟದ್ದು ಮನೆಮಾತಿನಿಂದಲೇ.

ಆ ಗ್ರಂಥವನ್ನು ಬಳಸಿಕೊಂಡವರಲ್ಲಿ ಸ್ವೀಡನ್ನಿನ ಲಿನ್ನೇಯಸ್ ಮುಖ್ಯ. 1753ರಲ್ಲಿ ಆತ ಪ್ರತಿ ಗಿಡಕ್ಕೂ ಎರಡು ಪದಗಳ ಹೆಸರು ಕೊಟ್ಟ. ಗಡಿಯ ಈಚೆ ಹುಣಸೆ, ಆಚೆ ಚಿಂಚ. ಎಲ್ಲ ಕಡೆ ಟ್ಯಾಮರಿಂಡಸ್ ಇಂಡಿಕಾ. ‘ಭಾರತದ ಖರ್ಜೂರ’ ಎಂಬ ಅರಬ್ಬಿ ಮಾತಿನಿಂದ ಬಂದ ಹೆಸರು ಅದು, ಆದರೆ ಹುಣಸೆಯ ಮೂಲ ನೆಲೆ ಆಫ್ರಿಕಾ! ಹೆಸರು ನಂಬಿ ಊರು ಹೇಳಬಾರದು ಎಂಬುದಕ್ಕೆ ಇದೂ ಒಂದು ಪಾಠ.

ಲಿನ್ನೇಯಸ್ ಗಿಡಗಳನ್ನು ಮುಖ್ಯವಾಗಿ ಹೂವಿನ ಕೇಸರಗಳನ್ನು ಎಣಿಸಿ 24 ವರ್ಗ ಮಾಡಿದ. ಇಪ್ಪತ್ತಮೂರು ವರ್ಗಗಳು ಹೂವಿನವು. ಹೂವೇ ಇಲ್ಲದ ಜರಿಗಿಡ, ಹಾವಸೆ, ಪಾಚಿ, ಅಣಬೆ ಎಲ್ಲವನ್ನೂ ಕೊನೆಯ ವರ್ಗಕ್ಕೆ ಹಾಕಿದ. ಆ ವರ್ಗದ ಹೆಸರಿನ ಅರ್ಥ ‘ಗುಪ್ತ ವಿವಾಹ’. ಇವು ಹೇಗೆ ಸಂತಾನ ಮುಂದುವರಿಸುತ್ತವೆ ಎಂಬುದು ಆಗ ಸರಿಯಾಗಿ ತಿಳಿದಿರಲಿಲ್ಲ. ಎಣಿಸಲು ಕೇಸರ ಇಲ್ಲದವು ಕೊನೆಯಲ್ಲಿ ಉಳಿದವು. ಮುಂದೆ ಯಾರೋ ‘ಕೆಳವರ್ಗ’ ಎಂದದ್ದರ ಬೇರು ಇಲ್ಲಿಯೂ ಇದೆ.

ಪುಸ್ತಕ ವ್ಯಾಪಾರಿಯ ಸೂಕ್ಷ್ಮದರ್ಶಕ

ಗುಪ್ತ ವಿವಾಹದ ಗುಟ್ಟು ಬಿಡಿಸಿದವನು ವಿಲ್‌ಹೆಲ್ಮ್ ಹಾಫ್‌ಮೈಸ್ಟರ್. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ ತಂದೆಯ ಸಂಗೀತ ಪುಸ್ತಕಗಳ ಪ್ರಕಾಶನ ಮತ್ತು ಅಂಗಡಿ ನೋಡಿಕೊಳ್ಳುತ್ತಿದ್ದವನು. ವಿಶ್ವವಿದ್ಯಾಲಯದ ಪದವಿ ಇರಲಿಲ್ಲ. ದೂರದ್ದು ಕಾಣದ ಕಣ್ಣು. ಅಂಗಡಿ ತೆರೆಯುವ ಮೊದಲು, ಬೆಳಗಿನ ಹೊತ್ತು, ಸೂಕ್ಷ್ಮದರ್ಶಕದಲ್ಲಿ ಹಾವಸೆ ಮತ್ತು ಜರಿಗಿಡ ನೋಡುತ್ತಿದ್ದ. 1851ರಲ್ಲಿ, ತನ್ನ 27ನೆಯ ವಯಸ್ಸಿನಲ್ಲಿ, ಆತ ಪ್ರಕಟಿಸಿದ ಪುಸ್ತಕ ಸಸ್ಯಶಾಸ್ತ್ರದ ದಿಕ್ಕು ಬದಲಿಸಿತು. 1863ರಲ್ಲಿ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಅವನನ್ನು ಪ್ರಾಧ್ಯಾಪಕನನ್ನಾಗಿ ಕರೆದುಕೊಂಡಿತು.

ಅವನು ಕಂಡದ್ದನ್ನು ಸರಳವಾಗಿ ಹೇಳುವುದಾದರೆ ಹೀಗೆ. ಸಸ್ಯದ ಬಾಳಿನಲ್ಲಿ ಎರಡು ಪೀಳಿಗೆಗಳು ಸರದಿಯಂತೆ ಬರುತ್ತವೆ. ಒಂದು ಪೀಳಿಗೆ ಅಂಡ ಮತ್ತು ಪುರುಷಾಣು ಮಾಡುತ್ತದೆ. ಅವು ಕೂಡಿ ಹುಟ್ಟಿದ ಇನ್ನೊಂದು ಪೀಳಿಗೆ ಬೀಜಕಣ ಮಾಡುತ್ತದೆ. ಗೋಡೆಯ ಮೇಲೆ ನಾವು ನೋಡುವ ಹಸಿರು ಹಾವಸೆ ಮೊದಲನೆಯದು. ಅದರ ಮೇಲೆ ಸೂಜಿಯಂತೆ ಎದ್ದ ಕಡ್ಡಿ ಮತ್ತು ತುದಿಯ ಪುಟ್ಟ ಡಬ್ಬಿ ಎರಡನೆಯದು. ಜರಿಗಿಡದಲ್ಲಿ ಲೆಕ್ಕ ತಿರುಗುತ್ತದೆ. ನಾವು ನೋಡುವ ದೊಡ್ಡ ಗಿಡ ಎರಡನೆಯ ಪೀಳಿಗೆ, ಮೊದಲನೆಯದು ಹೃದಯದ ಆಕಾರದ, ಬೆರಳ ಉಗುರಿಗಿಂತ ಚಿಕ್ಕ ಹಸಿರು ಹಾಳೆ. ಸೂಚಿಪರ್ಣಿ ಮರಗಳಲ್ಲಿ ಆ ಮೊದಲ ಪೀಳಿಗೆ ಇನ್ನೂ ಚಿಕ್ಕದಾಗಿ ಮರದ ಅಂಗದೊಳಗೇ ಅಡಗಿ ಕೂತಿದೆ.

ಹೀಗೆ ಹಾವಸೆ, ಜರಿಗಿಡ, ಬೀಜದ ಮರ ಮೂರಕ್ಕೂ ಒಂದೇ ಬಾಳಿನ ಚಕ್ರ ಎಂದು ತಿಳಿಯಿತು. ಎಂಟು ವರ್ಷಗಳ ನಂತರ, 1859ರಲ್ಲಿ, ಡಾರ್ವಿನ್ನನ ಪುಸ್ತಕ ಬಂದಾಗ ಇದರ ಅರ್ಥ ಇನ್ನೂ ಸ್ಪಷ್ಟವಾಯಿತು. ಇವು ಬೇರೆ ಬೇರೆ ಕಪಾಟಿನ ವಸ್ತುಗಳಲ್ಲ, ಒಂದೇ ಮನೆತನದವು.

ನೀರಿನ ಲೆಕ್ಕ

ಈ ಮನೆತನದ ದೊಡ್ಡ ಕಷ್ಟ ನೀರು. ನೀರಿನೊಳಗೆ ಇರುವ ಪಾಚಿಗೆ ದಾಹವಿಲ್ಲ. ಅದರ ಭಾರವನ್ನು ನೀರು ಹೊರುತ್ತದೆ, ಅದರ ಪುರುಷಾಣುವನ್ನೂ ನೀರೇ ಒಯ್ಯುತ್ತದೆ. ನೆಲಕ್ಕೆ ಬಂದ ಸಸ್ಯಕ್ಕೆ ನಾಲ್ಕು ತೊಂದರೆ ಒಟ್ಟಿಗೆ ಎದುರಾದವು. ಒಣಗದೆ ಇರುವುದು ಹೇಗೆ, ನೆಟ್ಟಗೆ ನಿಲ್ಲುವುದು ಹೇಗೆ, ಬುಡದ ನೀರನ್ನು ತುದಿಗೆ ಏರಿಸುವುದು ಹೇಗೆ, ನೀರಿಲ್ಲದಲ್ಲಿ ಸಂತಾನ ಹೇಗೆ?

ಐದು ಗುಂಪುಗಳನ್ನು ಈ ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳೆಂದು ಓದಿದರೆ ಬಾಯಿಪಾಠದ ಅಗತ್ಯವೇ ಬೀಳುವುದಿಲ್ಲ. ಹಾವಸೆಗೆ ನಿಜವಾದ ಬೇರಿಲ್ಲ, ಗಟ್ಟಿ ಕೊಳವೆಗಳಿಲ್ಲ. ಅದು ಗಿಡ್ಡವಾಗಿಯೇ ಉಳಿದು, ಮೈಯೆಲ್ಲದರಿಂದ ನೀರು ಹೀರಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿ ಕರಿ ಹೊಟ್ಟಾಗುತ್ತದೆ, ಮಳೆ ಬಿದ್ದರೆ ಮತ್ತೆ ಹಸಿರಾಗುತ್ತದೆ. ಅದರ ಪುರುಷಾಣು ಅಂಡದವರೆಗೆ ಈಜಬೇಕು, ಅದಕ್ಕೆ ಮಳೆನೀರಿನ ತೆಳು ಪದರ ಬೇಕು. ಜರಿಗಿಡ ಬೇರು ಬಿಟ್ಟಿತು, ಲಿಗ್ನಿನ್ ಎಂಬ ಗಟ್ಟಿ ದ್ರವ್ಯದಿಂದ ಕೊಳವೆ ಕಟ್ಟಿಕೊಂಡಿತು, ಎತ್ತರವಾಯಿತು. ಎಲೆಗೆ ಮೇಣದ ಹೊದಿಕೆ, ಗಾಳಿಯಾಡಲು ತೆರೆದು ಮುಚ್ಚುವ ಪತ್ರರಂಧ್ರ. ಆದರೆ ಅದರ ಪುರುಷಾಣುವೂ ಈಜಲೇಬೇಕು. ಆದ್ದರಿಂದಲೇ ನಮ್ಮ ಕಡೆ ಅದು ಬಾವಿಯ ತಂಪು ಬಿಟ್ಟು ರಸ್ತೆಗೆ ಬಂದಿಲ್ಲ.

ಗೇಟಿನ ಬಳಿಯ ಸೈಕಸ್ಸಿನದು ವಿಚಿತ್ರ ಕಥೆ. 1896ರಲ್ಲಿ ಜಪಾನಿನ ಹಿರಾಸೆ ಎಂಬಾತ ಗಿಂಕ್ಗೊ ಮರದಲ್ಲಿ ಈಜುವ ಪುರುಷಾಣು ಕಂಡ. ಅವನು ಚಿತ್ರ ಬರೆಯುವ ಸಹಾಯಕನಾಗಿ ವಿಶ್ವವಿದ್ಯಾಲಯ ಸೇರಿದವನು. ಅದೇ ವರ್ಷ ಇಕೆನೊ ಎಂಬಾತ ಸೈಕಸ್ಸಿನಲ್ಲೂ ಅದನ್ನೇ ಕಂಡ. ಅಂದರೆ ಸೈಕಸ್ ಬೀಜ ಬಿಡುವ ಸಸ್ಯವಾದರೂ ಹಳೆಯ ಈಜು ಮರೆತಿಲ್ಲ. ಪರಾಗವನ್ನು ಗಾಳಿ ಅಥವಾ ಕೀಟ ತಂದ ಮೇಲೆ, ತನ್ನೊಳಗೇ ಇಟ್ಟುಕೊಂಡ ಒಂದಿಷ್ಟು ದ್ರವದಲ್ಲಿ ಪುರುಷಾಣು ಈಜುತ್ತದೆ. ಹೊರಗಿನ ಮಳೆ ಬೇಡ, ಮನೆಯೊಳಗಿನ ಹನಿ ಸಾಕು. ಹುಣಸೆಯಲ್ಲಿ ಆ ಈಜೂ ಇಲ್ಲ. ಪರಾಗನಾಳವೇ ಅಂಡದ ಬಾಗಿಲಿಗೆ ಒಯ್ದು ಬಿಡುತ್ತದೆ. ಬೀಜದಲ್ಲಿ ಮರಿಗೆ ಬುತ್ತಿ ಕಟ್ಟಿ, ಸಿಪ್ಪೆಯ ಹೊದಿಕೆ ಹೊದಿಸಿ, ಮಳೆ ಬರುವವರೆಗೆ ಕಾಯಲು ಬಿಡುತ್ತದೆ.

ಈ ದೃಷ್ಟಿಯನ್ನು ಒಂದು ಕಡೆ ಸೇರಿಸಿ ಹೇಳಿದವನು ಇಂಗ್ಲಿಷ್ ಸಸ್ಯಶಾಸ್ತ್ರಜ್ಞ ಬೋವರ್. ನೆಲದ ಸಸ್ಯಗಳ ಹುಟ್ಟಿನ ಬಗ್ಗೆ ಅವನ ದೊಡ್ಡ ಪುಸ್ತಕ 1908ರಲ್ಲಿ ಬಂತು. ನಾಲ್ಕೇ ವರ್ಷದಲ್ಲಿ ಕಲ್ಲಿನ ಸಾಕ್ಷಿಯೂ ಸಿಕ್ಕಿತು. 1912ರಲ್ಲಿ ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ ಮ್ಯಾಕಿ ಎಂಬ ವೈದ್ಯರಿಗೆ ಸಿಕ್ಕ ಕಲ್ಲಿನಲ್ಲಿ ಸುಮಾರು 40 ಕೋಟಿ ವರ್ಷ ಹಿಂದಿನ ಗಿಡಗಳು ಜೀವಕೋಶ ಸಹಿತ ಉಳಿದಿದ್ದವು. ಕಿಡ್‌ಸ್ಟನ್ ಮತ್ತು ಲ್ಯಾಂಗ್ 1917ರಿಂದ 1921ರವರೆಗೆ ಅವನ್ನು ವಿವರಿಸಿದರು. ಎಲೆಯಿಲ್ಲದ ಬೋಳು ಕಡ್ಡಿಗಳು, ಆದರೆ ಒಳಗೆ ಕೊಳವೆ ಇತ್ತು, ಮೈಮೇಲೆ ಪತ್ರರಂಧ್ರ ಇತ್ತು. ಗಿಡದೊಳಗೆ ಶಿಲೀಂಧ್ರದ ಎಳೆಗಳೂ ಸಿಕ್ಕವು. ಇಂದಿಗೂ ನಮ್ಮ ಹೊಲದ ಜೋಳದ ಬೇರಿಗೆ ಮಣ್ಣಿನ ರಂಜಕ ತಂದುಕೊಡುವುದು ಅದೇ ಬಳಗದ ಶಿಲೀಂಧ್ರಗಳು. ಸಸ್ಯ ನೆಲಕ್ಕೆ ಬಂದದ್ದು ಒಂಟಿಯಾಗಿ ಅಲ್ಲ, ಜೊತೆಗಾರನನ್ನು ಕಟ್ಟಿಕೊಂಡು.

ನಮ್ಮವರು ಮಾಡಿದ ಕೆಲಸ

ಭಾರತದಲ್ಲಿ ಹಾವಸೆಯ ಬಳಗದ ಅಧ್ಯಯನಕ್ಕೆ ಬುನಾದಿ ಹಾಕಿದವರು ಲಾಹೋರಿನ ಶಿವರಾಮ ಕಶ್ಯಪ. 1929 ಮತ್ತು 1932ರಲ್ಲಿ ಪಶ್ಚಿಮ ಹಿಮಾಲಯ ಹಾಗೂ ಪಂಜಾಬಿನ ಲಿವರ್‌ವರ್ಟುಗಳ ಬಗ್ಗೆ ಅವರ ಗ್ರಂಥದ ಎರಡು ಭಾಗ ಬಂದವು. ಪಳೆಯುಳಿಕೆ ಸಸ್ಯಗಳಲ್ಲಿ ದೊಡ್ಡ ಹೆಸರು ಬೀರಬಲ್ ಸಾಹನಿ. ಕುಪವಾಡದ ಕರಿಕಲ್ಲು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ. ಆ ದಖ್ಖನಿನ ಲಾವಾದ ಪದರುಗಳ ನಡುವೆ ಅಲ್ಲಲ್ಲಿ ಸಿಗುವ ಸಸ್ಯಗಳ ಅವಶೇಷಗಳಿಂದ ಕಲ್ಲಿನ ವಯಸ್ಸು ತಿಳಿಯಬಹುದು ಎಂದು 1930ರ ದಶಕದಲ್ಲಿ ಸಾಹನಿ ವಾದಿಸಿದರು.

ಬದುಕಿರುವ ಗಿಡಗಳ ಲೆಕ್ಕ ಇಟ್ಟವರಲ್ಲಿ ಥಿಯೋಡೋರ್ ಕುಕ್ ಅವರನ್ನು ಹೇಳಬೇಕು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಚಾರ್ಯರಾಗಿದ್ದ ಅವರು 1901ರಿಂದ 1908ರ ನಡುವೆ ಮುಂಬಯಿ ಇಲಾಖೆಯ ಸಸ್ಯಗಳ ಗ್ರಂಥ ಪ್ರಕಟಿಸಿದರು. ಸಿಂಧ್‌ನಿಂದ ಕಾರವಾರದವರೆಗೆ ಒಂದೇ ಗ್ರಂಥ. ಬೆಳಗಾವಿ, ಧಾರವಾಡ, ವಿಜಯಪುರದ ಗಿಡಗಳೆಲ್ಲ ಅದರಲ್ಲೇ. 1956ರ ನಂತರ ರಾಜ್ಯಗಳು ಬೇರೆಯಾದಂತೆ ಗಿಡಗಳ ಪುಸ್ತಕಗಳೂ ಬೇರೆಯಾದವು. ಸಲ್ಡಾನಾ ಅವರ ಕರ್ನಾಟಕದ ಸಸ್ಯಗಳ ಮೊದಲ ಸಂಪುಟ 1984ರಲ್ಲಿ, ಯಾದವ ಮತ್ತು ಸರದೇಸಾಯಿ ಅವರ ಕೊಲ್ಹಾಪುರ ಜಿಲ್ಲೆಯ ಸಸ್ಯಗಳ ಗ್ರಂಥ 2002ರಲ್ಲಿ ಬಂತು. ಪುಸ್ತಕಕ್ಕೆ ಗಡಿ ಬೇಕಾಗುತ್ತದೆ. ಜಾಲಿಗೆ ಬೇಕಾಗಿಲ್ಲ.

ಕನ್ನಡಿಗರಾದ ನಾವು ಬಿ.ಜಿ.ಎಲ್. ಸ್ವಾಮಿಯವರನ್ನು ಮರೆಯುವಂತಿಲ್ಲ. ಡಿ.ವಿ.ಜಿ.ಯವರ ಮಗ, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನ ಪ್ರಾಧ್ಯಾಪಕರು. 1978ರಲ್ಲಿ ‘ಹಸುರು ಹೊನ್ನು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾದೆಮಿ ಪ್ರಶಸ್ತಿ ಬಂತು. ಅವರ ಒಂದು ಸಂಶೋಧನೆ ನಮ್ಮ ವಿಷಯಕ್ಕೆ ನೇರವಾಗಿ ಸೇರಿದೆ. ಹೂಬಿಡುವ ಸಸ್ಯಗಳಲ್ಲಿ ಸಾಮಾನ್ಯವಾಗಿ ನೀರು ಏರಿಸಲು ಅಗಲವಾದ, ತುದಿಗಳಲ್ಲಿ ತೂತಿರುವ ನಾಳಗಳು ಇರುತ್ತವೆ. ಪಶ್ಚಿಮ ಘಟ್ಟದ ನೆರಳಿನ ಕಾಡಿನಲ್ಲಿ ಬೆಳೆಯುವ ಸಾರ್ಕ್ಯಾಂಡ್ರ ಎಂಬ ಸಸ್ಯಕುಲದ ಕಟ್ಟಿಗೆಯಲ್ಲಿ ಅಂಥ ನಾಳಗಳೇ ಇಲ್ಲ ಎಂದು ಸ್ವಾಮಿ ಮತ್ತು ಅಮೆರಿಕದ ಬೇಯ್ಲಿ 1950ರಲ್ಲಿ ಪ್ರಕಟಿಸಿದರು. ಇದು ಹೂವಿನ ಸಸ್ಯಗಳ ಹಳೆಯ ಸ್ಥಿತಿಯ ಗುರುತು ಎಂದು ಬಹಳ ಚರ್ಚೆಯಾಯಿತು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅದೇ ಕುಲದಲ್ಲಿ ನಾಳಗಳಿವೆ ಎಂದು ತೋರಿಸಿದರು. ಇದರಿಂದ ಸ್ವಾಮಿಯವರ ಹಿರಿಮೆ ಕಡಿಮೆಯಾಗಲಿಲ್ಲ. ಅವರು ಕೇಳಿದ ಪ್ರಶ್ನೆ ಸರಿಯಾಗಿದ್ದುದರಿಂದಲೇ ಮೂವತ್ತೇಳು ವರ್ಷದ ನಂತರವೂ ಒಬ್ಬರು ಮತ್ತೆ ಕಟ್ಟಿಗೆ ಕೊಯ್ದು ನೋಡಿದರು.

ಅಜ್ಜ ಅಲ್ಲ, ಅಣ್ಣತಮ್ಮ

ಈಗ ನಮ್ಮ ಹುಡುಗನ ಪ್ರಶ್ನೆಗೆ ಬರೋಣ. 1998ರಲ್ಲಿ ವಿಜ್ಞಾನಿಗಳ ಒಂದು ತಂಡ ಹೂಬಿಡುವ ಸಸ್ಯಗಳನ್ನು ಮುಖ್ಯವಾಗಿ ಡಿಎನ್‌ಎ ಆಧಾರದ ಮೇಲೆ ಹೊಸದಾಗಿ ವಿಂಗಡಿಸಿತು. ಅಲ್ಲಿಂದೀಚೆಗೆ ವರ್ಗೀಕರಣ ಎಂದರೆ ವಂಶಾವಳಿ. ಯಾರು ಯಾರಿಗೆ ಹತ್ತಿರದ ಸಂಬಂಧಿ ಎಂಬುದೊಂದೇ ಪ್ರಶ್ನೆ.

ಈ ವಂಶಾವಳಿಯಲ್ಲಿ ಎರಡು ಅಚ್ಚರಿಗಳಿವೆ. ಮೊದಲನೆಯದು ಹೊಂಡದ ಹಸಿರು ಎಳೆಯದು. ಅದರಲ್ಲಿ ಸ್ಪೈರೋಗೈರಾ ಇದ್ದರೆ, ಅದು ಸೇರಿದ ಪಾಚಿಗಳ ಗುಂಪೇ ನೆಲದ ಸಸ್ಯಗಳೆಲ್ಲಕ್ಕೂ ಅತಿ ಹತ್ತಿರದ ನೀರಿನ ಸಂಬಂಧಿ ಎಂದು 2014ರಿಂದೀಚಿನ ಜೀನೋಮ್ ಅಧ್ಯಯನಗಳು ಹೇಳುತ್ತವೆ. ಸಮುದ್ರದ ಕೆಂಪು ಪಾಚಿಗಿಂತ ಹುಣಸೆಮರವೇ ಸ್ಪೈರೋಗೈರಾಕ್ಕೆ ಹತ್ತಿರ! ಪಾಚಿಗಳನ್ನೆಲ್ಲ ಒಟ್ಟು ಮಾಡಿದ ಥ್ಯಾಲೋಫೈಟಾ ಎಂಬ ಗುಂಪನ್ನು ಸಂಶೋಧಕರು ಈಗ ಬಳಸದಿರುವುದು ಇದಕ್ಕೇ. ಅದು ಶಾಲೆಯ ಪಾಠದಲ್ಲಿ ಅನುಕೂಲಕ್ಕಾಗಿ ಉಳಿದಿದೆ.

ಎರಡನೆಯದು ಹಾವಸೆಯದು. ಹಾವಸೆಯಿಂದ ಜರಿಗಿಡ, ಜರಿಗಿಡದಿಂದ ಮರ ಎಂದು ಏಣಿಯ ಮೆಟ್ಟಿಲಂತೆ ಕಲಿಸುವ ಪದ್ಧತಿ ಇತ್ತು. 2018ರಿಂದೀಚಿನ ಅಧ್ಯಯನಗಳ ಪ್ರಕಾರ ಹಾವಸೆ ಮತ್ತು ಲಿವರ್‌ವರ್ಟುಗಳು ಒಂದು ಕವಲು, ಕೊಳವೆಯುಳ್ಳ ಸಸ್ಯಗಳೆಲ್ಲ ಇನ್ನೊಂದು ಕವಲು. ಎರಡೂ ಒಬ್ಬನೇ ಹಿರಿಯನಿಂದ ಹೊರಟವು. ಗೋಡೆಯ ಹಾವಸೆ ಹುಣಸೆಯ ಅಜ್ಜ ಅಲ್ಲ, ದಾಯಾದಿ. ಅದು ಹಿಂದೆ ಉಳಿದದ್ದಲ್ಲ. ಬೇರೆ ದಾರಿ ಹಿಡಿದದ್ದು. ಒಬ್ಬ ತಮ್ಮ ನೀರನ್ನು ಆಳದಿಂದ ಎತ್ತಿ ಕೂಡಿಡುವುದನ್ನು ಕಲಿತ. ಇನ್ನೊಬ್ಬ ನೀರಿಲ್ಲದಾಗ ಒಣಗಿ, ಬಂದಾಗ ಎದ್ದು ನಿಲ್ಲುವುದನ್ನು ಕಲಿತ. ಬರದ ಜತ್ತ ತಾಲೂಕಿನಿಂದ ಬಂದ ಮಕ್ಕಳಿಗೆ ಈ ಎರಡೂ ವಿದ್ಯೆಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಹಾವಸೆ ಮಾಡಿದ ತಪ್ಪೇನು? ಏನೂ ಇಲ್ಲ. ‘ಕೆಳವರ್ಗ’, ‘ಮೇಲ್ವರ್ಗ’ ಎಂಬ ಮಾತು ಸಸ್ಯದಿಂದ ಬಂದದ್ದಲ್ಲ, ನಮ್ಮ ಸಮಾಜದಿಂದ ಸಸ್ಯಕ್ಕೆ ಹೋದದ್ದು. ಬೀಜವಿಲ್ಲದ ಸಸ್ಯ, ಬೀಜದ ಸಸ್ಯ ಎಂದರೆ ಪರೀಕ್ಷೆಯ ಉತ್ತರಕ್ಕೂ ಸಾಕು, ವಿಜ್ಞಾನಕ್ಕೂ ಹತ್ತಿರ.

ನಮ್ಮ ಶಿಕ್ಷಕ ಬಂಧುಗಳಿಗೆ ಒಂದು ಮಾತು. ನೀರಿನ ಪಾಚಿಗೂ ಗೋಡೆಯ ಹಾವಸೆಗೂ ನಮ್ಮ ಆಡುಮಾತಿನಲ್ಲಿ ಹೆಸರುಗಳು ಒಂದಕ್ಕೊಂದು ಬೆರೆತುಹೋಗಿವೆ, ಮರಾಠಿಯಲ್ಲಿಯೂ ಎರಡಕ್ಕೂ ಶೇವಾಳ ಎನ್ನುವುದುಂಟು. ಆದರೆ ಸುಮಾರು 47 ಕೋಟಿ ವರ್ಷಗಳ ಹಿಂದೆ ಸಸ್ಯಗಳು ದಾಟಿದ ದೊಡ್ಡ ಗಡಿ ಇರುವುದು ಇವೆರಡರ ನಡುವೆಯೇ. ಆದ್ದರಿಂದ ಪಾಠವನ್ನು ಅಲ್ಲಿಂದಲೇ ಶುರು ಮಾಡಬಹುದು. ಬೇಸಿಗೆಯಲ್ಲಿ ಗೋಡೆಯ ಒಣ ಹಾವಸೆ ಕೆರೆದು ಕಾಗದದಲ್ಲಿ ಕಟ್ಟಿಡಿ. ಪಾಠದ ದಿನ ತಟ್ಟೆಯಲ್ಲಿ ಹಾಕಿ ಮಕ್ಕಳ ಕೈಯಿಂದಲೇ ನೀರು ಚಿಮುಕಿಸಿ. ಪಕ್ಕದಲ್ಲಿ ಕಿತ್ತು ಒಣಗಿಸಿದ ಹುಣಸೆಯ ಸಸಿ ಇಟ್ಟು ಅದಕ್ಕೂ ನೀರು ಹಾಕಿ. ಯಾವುದು ಹಸಿರಾಗುತ್ತದೆ ಎಂದು ಅವರೇ ನೋಡಲಿ, ಯಾಕೆ ಎಂದು ಅವರೇ ಹೇಳಲಿ. ಆಮೇಲೆ ಐದು ಹೆಸರುಗಳನ್ನು ಹಲಗೆಯ ಮೇಲೆ ಬರೆಯೋಣ. ಒಂದರ ಕೆಳಗೊಂದು ಬೇಡ, ಒಂದೇ ಬುಡದಿಂದ ಒಡೆದ ಕೊಂಬೆಗಳಂತೆ ಬರೆಯೋಣ.